ಸೋಪು ಮುಟ್ಟದ ಕೈ

ಪರೀಕ್ಷೆ ಶೆಡ್ಡಿನ ಬಾಗಿಲಲ್ಲಿ ಮಾವ ನಿಂತಿದ್ದಾರೆ ಅಂದರೆ ಸಾಕ್ಷಾತ್ ಯಮನೇ ಬಂದರೂ ಕೈ ಮೂಸಲು ಕೊಡದೆ ಒಳಗೆ ಕಾಲಿಡುವಂತಿರಲಿಲ್ಲ. ಎರಡೂ ಕೈ ಚಾಚಬೇಕು, ಮಾವ ಬಗ್ಗಿ ಮೂಗು ತರಬೇಕು, ಸೋಪಿನ ವಾಸನೆ ಒಂಚೂರು ಸುಳಿದರೂ "ನಡಿ ಆಚೆ!" ಒಮ್ಮೆ ಕಾರ್ಖಾನೆಯ ಧಣಿಗಳೇ ಗಡ್ಡ ಬೋಳಿಸಿಕೊಂಡು ಘಮ್ಮಂತ ಬಂದಿದ್ದರು. ಅವರನ್ನೂ ಹೊರಗಿನ ನಲ್ಲಿಗೆ ಅಟ್ಟಿ ಮುಖ ತೊಳೆಸಿ, ಕಿವಿಯ ಹಿಂದೆ ಬಿಳಿ ಉಳಿದಿದೆ ಅಂತ ಮತ್ತೊಮ್ಮೆ ಅಟ್ಟಿ, ಆಮೇಲೆ ಒಳಗೆ ಬಿಟ್ಟರು. ಕಾರ್ಖಾನೆ ಧಣಿಗಳದೇ ಇರಬಹುದು, ಶೆಡ್ಡು ಮಾತ್ರ ಮಾವನದು.

ಮಾವ ಅನ್ನೋದು ಅವರ ಹೆಸರಲ್ಲ ಬಿಡಿ. ಮೊದಲು ಎಲ್ಲರೂ ಅವರನ್ನು ನೊರೆ ಮೇಸ್ತ್ರಿ ಅನ್ನುತ್ತಿದ್ದರು. ಅವರ ಸೊಸೆ ಅದೇ ಕಾರ್ಖಾನೆಯ ನಕ್ಷೆ ವಿಭಾಗಕ್ಕೆ ಇಂಜಿನಿಯರ್ ಆಗಿ ಸೇರಿದ ದಿನವೇ ಶೆಡ್ಡಿನ ನಟ್ಟನಡುವೆ ನಿಂತು, "ಮಾವಾ, ಊಟದ ಡಬ್ಬಿ ಮನೇಲೇ ಮರೆತು ಬಂದಿದ್ದೀರಲ್ಲಾ!" ಅಂತ ಕೂಗಿದಳು. ಅಷ್ಟೇ ಸಾಕಾಯಿತು. ಅವತ್ತಿನಿಂದ ಕಾವಲುಗಾರನಿಂದ ಹಿಡಿದು ಧಣಿಗಳವರೆಗೆ ಅವರು ಎಲ್ಲರಿಗೂ ಮಾವ. ಮೊದಮೊದಲು ಸಿಡುಕಿದರು. ಆಮೇಲೆ ಒಳಗೊಳಗೇ ಹಿಗ್ಗಿದರು.

ಅಲ್ಲಿ ತಯಾರಾಗುತ್ತಿದ್ದದ್ದು ಬಟ್ಟಿ ಇಳಿಸುವ ಗೋಪುರಗಳೊಳಗೆ ಕೂರಿಸುವ ಉಕ್ಕಿನ ತಟ್ಟೆಗಳು. ಗೋಪುರದೊಳಗೆ ಮಹಡಿ ಮಹಡಿಯಾಗಿ ಈ ತೂತಿನ ತಟ್ಟೆಗಳನ್ನು ಜೋಡಿಸುತ್ತಾರೆ. ಮೇಲಿನಿಂದ ದ್ರವ ಒಂದೊಂದೇ ಮಹಡಿ ಇಳಿದು ಬರುತ್ತದೆ, ಕೆಳಗಿನಿಂದ ಆವಿ ತೂತುಗಳಲ್ಲಿ ನುಗ್ಗಿ ಮೇಲೇರುತ್ತದೆ. ಎರಡೂ ತಟ್ಟೆಯ ಮೇಲೆ ಎದುರಾದಾಗ ಏಳುವುದೇ ನೊರೆ. ನೊರೆ ಬೇಕು, ಅದಿಲ್ಲದೆ ದ್ರವಕ್ಕೂ ಆವಿಗೂ ಕೊಡು-ಕೊಳ್ಳುವ ವ್ಯವಹಾರವೇ ಇಲ್ಲ. ಆದರೆ ಆವಿಯ ಜೋರು ಮಿತಿಮೀರಿತೋ, ನೊರೆ ಚೂರುಚೂರಾಗಿ ಹನಿಗಳು ಹಾರಿ ಮೇಲಿನ ತಟ್ಟೆಗೆ ಹೋಗಿ ಕೂರುತ್ತವೆ. ಕೆಳಗಿಳಿಯಬೇಕಾದ್ದು ಮತ್ತೆ ಮೇಲೇರಿದರೆ ಬೇರ್ಪಡಿಸಿದ್ದೆಲ್ಲ ಮತ್ತೆ ಬೆರಕೆ. ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ ಮಾಡಿದ ಹಾಗೆ.

ಅದನ್ನು ಮೊದಲೇ ನೋಡಿಕೊಳ್ಳೋಣ ಅಂತಲೇ ಶೆಡ್ಡಿನಲ್ಲಿ ಅಕ್ಕಪಕ್ಕ ಎರಡು ಗೋಪುರಗಳು, ಒಂದು ಬದಿಗೆ ಉದ್ದಕ್ಕೂ ಗಾಜು. ಆವಿಯ ಬದಲು ದೊಡ್ಡ ಫ್ಯಾನಿನ ಗಾಳಿ, ದ್ರವದ ಬದಲು ಎರಡಕ್ಕೂ ಸೇರಿದ ಒಂದೇ ನೆಲದ ತೊಟ್ಟಿಯಿಂದ ಸುತ್ತಿ ಸುತ್ತಿ ಬರುವ ಬರೀ ನೀರು. ಮೇಲಕ್ಕೆ ಹಾರಿದ ಹನಿಗಳನ್ನೆಲ್ಲ ಹಿಡಿದು ಗೋಪುರಕ್ಕೊಂದರಂತೆ ಇದ್ದ ಗಾಜಿನ ಜಾಡಿಗೆ ಇಳಿಸುತ್ತಿದ್ದರು. ಜಾಡಿಯ ಮೇಲೊಂದು ಕೆಂಪು ಗೆರೆ. ಹೇಳಿದಷ್ಟು ಗಾಳಿಯಲ್ಲಿ, ಹೇಳಿದಷ್ಟು ಹೊತ್ತಿನಲ್ಲಿ ನೀರು ಆ ಗೆರೆ ದಾಟಿದರೆ ತಟ್ಟೆ ಫೇಲು, ದಾಟದಿದ್ದರೆ ಪಾಸು. ಅದರಲ್ಲಿ ಅತ್ತೂ ಕರೆದು ಬದಲಿಸುವಂಥದ್ದು ಏನೂ ಇರಲಿಲ್ಲ.

ಈಗ ಸೋಪಿನ ಕಥೆ ಹೇಳಿದರೆ ಅರ್ಥವಾಗುತ್ತದೆ. ಬರೀ ನೀರಿನ ನೊರೆ ಪಾಪದ್ದು, ಎದ್ದಷ್ಟೇ ಬೇಗ ಒಡೆದು ಹೋಗುತ್ತದೆ. ಅದೇ ನೀರಿಗೆ ಚಿಟಿಕೆ ಸೋಪು ಬೆರೆಯಲಿ, ನೊರೆ ಹಟಕ್ಕೆ ಬೀಳುತ್ತದೆ. ಒಡೆಯುವುದೇ ಇಲ್ಲ. ಒಂದರ ತಲೆಯ ಮೇಲೊಂದು ಹತ್ತಿ ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕುತ್ತಾ ಹೋಗುತ್ತದೆ. ಆಗ ಎಂಥಾ ಚಿನ್ನದಂಥ ತಟ್ಟೆಯಾದರೂ ಗೆರೆ ದಾಟಿಬಿಡುತ್ತದೆ. ಅದಕ್ಕೇ ಮಾವ ಸೋಪು ಕಂಡರೆ ಉರಿದು ಬೀಳುತ್ತಿದ್ದದ್ದು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಹಾನುಭಾವರು ಈ ನಿಯಮವನ್ನು ಮನೆಯವರೆಗೂ ಹೊತ್ತು ತಂದಿದ್ದರು. ಮದುವೆಯಾದ ಹೊಸದರಲ್ಲೇ ಹೆಂಡತಿಯನ್ನು ಕೂರಿಸಿಕೊಂಡು, "ನೋಡು, ನನ್ನ ಕೈಗೆ ಸೋಪು ತಾಗೋ ಹಾಗಿಲ್ಲ. ತಾಗಿದ್ರೆ ಅಲ್ಲಿ ನೊರೆ ಕೆಡುತ್ತೆ" ಅಂದುಬಿಟ್ಟಿದ್ದರು. ಸ್ನಾನಕ್ಕೂ ಬಿಸಿನೀರು, ಒರಟು ಬಟ್ಟೆ, ಅಷ್ಟೇ. ಅಲ್ಲಿಂದ ಇಲ್ಲಿಯವರೆಗೆ ಮಾವ ಒಂದು ಲೋಟ ತೊಳೆದವರಲ್ಲ, ಒಂದು ಕರವಸ್ತ್ರ ಹಿಂಡಿದವರಲ್ಲ. ಉಂಡು ಎದ್ದು ಕೈ ಒರೆಸಿಕೊಂಡು ಕುರ್ಚಿಗೆ ಒರಗಿದರೆ ಆಯಿತು. ಹೆಂಡತಿ ಪಾತ್ರೆಗಳ ರಾಶಿ ಹೊತ್ತುಕೊಂಡು ಹೋಗುತ್ತಾ, "ನಿಮ್ಮ ನೊರೆಗಿರೋ ಮರ್ಯಾದೆ ನನ್ನ ಬೆನ್ನಿಗಿಲ್ಲ" ಅನ್ನುತ್ತಿದ್ದಳು. ಮಾವ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಸೊಸೆ ಬಂದ ಮೇಲೆ ಅತ್ತೆ ಸೊಸೆ ಇಬ್ಬರೂ ಪಕ್ಕಪಕ್ಕ ನಿಂತು ಪಾತ್ರೆ ಉಜ್ಜುತ್ತಿದ್ದರು, ಮಗ ಒರೆಸಿ ಜೋಡಿಸುತ್ತಿದ್ದ. ಮಾವ ಕೂತಲ್ಲಿಂದಲೇ, "ಆ ಕಡೆ ಒಂದು ಚಮಚ ಬಿತ್ತು ನೋಡಿ" ಅಂತ ಸಲಹೆ ಕೊಡುತ್ತಿದ್ದರು.

ಆ ಸೊಸೆ ಒಂದು ಹೊಸ ತಟ್ಟೆ ರೂಪಿಸಿದ್ದಳು. ಹಳೆಯದರಲ್ಲಿ ಬರೀ ದುಂಡನೆಯ ತೂತುಗಳು, ಗಾಳಿ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತಿತ್ತು. ಇವಳದರಲ್ಲಿ ಪ್ರತಿ ತೂತಿನ ಮೇಲೂ ಕಣ್ಣಿನ ರೆಪ್ಪೆಯಂಥ ಪುಟ್ಟ ಮುಚ್ಚಿಗೆ. ಗಾಳಿ ಅದರಡಿಯಿಂದ ಅಡ್ಡಕ್ಕೆ ಹೊರಟು ನೊರೆಯನ್ನು ಮುಂದಕ್ಕೆ ತಳ್ಳುತ್ತಿತ್ತು, ನೊರೆ ತಲೆ ತಗ್ಗಿಸಿಕೊಂಡು ಹೋಗುತ್ತಿತ್ತು. ಕಾರ್ಖಾನೆಯವರು ಇದಕ್ಕೆ ಸೊಸೆ ತಟ್ಟೆ ಅಂತಲೂ ಹಳೆಯದಕ್ಕೆ ಮಾವನ ತಟ್ಟೆ ಅಂತಲೂ ಹೆಸರಿಟ್ಟು ಮಜಾ ತೆಗೆದುಕೊಂಡರು. ಹಳೆಯದು ನಿಜವಾಗಿಯೂ ಮಾವನದೇ. ಅವರ ಮೀಸೆ ಕಪ್ಪಗಿದ್ದ ಕಾಲದಲ್ಲಿ ಅದರ ಅಚ್ಚನ್ನು ತಮ್ಮ ಕೈಯಾರೆ ಅರ ಹಾಕಿ ಉಜ್ಜಿ ಕೂರಿಸಿದ್ದರು. ಊರೂರಿನ ಗೋಪುರಗಳಲ್ಲಿ ಇವತ್ತಿಗೂ ಅದೇ ತಟ್ಟೆ ಕೂತಿದೆ ಅಂತ ಹೇಳುವಾಗ ಅವರ ಕೈ ತಾನಾಗಿ ಮೀಸೆಗೆ ಹೋಗುತ್ತಿತ್ತು.

ಹಾಗಂತ ಸೊಸೆಯ ತಟ್ಟೆಗೆ ಅಡ್ಡಗಾಲು ಹಾಕಿದವರಲ್ಲ. ಅವಳ ಪರವಾಗಿ ಒಂದು ಹನಿ ಸಡಿಲ ಬಿಟ್ಟವರೂ ಅಲ್ಲ. ಅವಳ ಮೊದಲ ಎರಡು ಪ್ರಯತ್ನಗಳನ್ನು ಅವರೇ ಫೇಲು ಮಾಡಿದ್ದರು. ನೀರು ಗೆರೆಯಿಂದ ಕೂದಲೆಳೆಯಷ್ಟು ಮೇಲೆ ಬಂದಿತ್ತು, "ದಾಟಿದೆಯಮ್ಮಾ" ಅಂದವರೇ ಸಂಜೆ ಅವಳ ಜೊತೆಯಲ್ಲೇ ಬಸ್ಸಿನಲ್ಲಿ ಕೂತು ಮನೆಗೆ ಬಂದಿದ್ದರು. ದಾರಿಯುದ್ದಕ್ಕೂ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು. ಮೂರನೆಯದು ಮಾತ್ರ ಗೆರೆಗಿಂತ ಚೆನ್ನಾಗಿ ಕೆಳಗೇ ನಿಂತಿತು. ಅವತ್ತು ಬಸ್ಸಿನಲ್ಲಿ ಇಬ್ಬರೂ ಎಷ್ಟು ಹರಟಿದರೆಂದರೆ ಇಳಿಯುವ ಜಾಗ ದಾಟಿ ಮುಂದೆ ಹೋಗಿ ನಡೆದುಕೊಂಡು ವಾಪಸ್ಸು ಬಂದರು.

ಆದರೆ ಅದು ಕಾರ್ಖಾನೆಯೊಳಗಿನ ಪರೀಕ್ಷೆ. ಈಗ ಹೊರಗಿನ ಗಿರಾಕಿ ಬರುವವರಿದ್ದರು, ದೊಡ್ಡ ರಾಸಾಯನಿಕ ಕಾರ್ಖಾನೆಯ ದಪ್ಪ ಕನ್ನಡಕದ ಮೇಡಂ. ಧಣಿಗಳು ಸೊಸೆಯನ್ನು ಕರೆದು ಕಡ್ಡಿ ಮುರಿದಂತೆ ಹೇಳಿದ್ದರು: "ಅವರ ಎದುರು ಪಾಸಾದ್ರೆ ನಿನ್ನ ತಟ್ಟೆ ತಯಾರು ಮಾಡೋಣ. ಇಲ್ಲಾಂದ್ರೆ ಇದಕ್ಕೆ ಇಲ್ಲಿಗೇ ಮಂಗಳ. ಹಳೇ ತಟ್ಟೆಗಳ ನಕ್ಷೆ ತಿದ್ದೋ ಕೆಲಸ ಬೇಕಾದಷ್ಟು ಬಿದ್ದಿದೆ." ವರ್ಷಗಟ್ಟಲೆಯ ಅವಳ ಕೆಲಸ ಆ ಒಂದು ಬೆಳಗಿಗೆ ಬಂದು ನಿಂತಿತ್ತು.

ಹಿಂದಿನ ದಿನ ಮಾವನಿಗೆ ಗೋಪುರದ ಗಾಜು ಕಣ್ಣಿಗೆ ಚುಚ್ಚಿತು. ಒಳಮೈಯಲ್ಲಿ ನೀರು ಒಣಗಿ ಬಿಳಿ ಬಿಳಿ ಕಲೆ. ಸೊಸೆಯ ತಟ್ಟೆಯನ್ನು ಇಂಥ ಮಬ್ಬು ಗಾಜಿನ ಹಿಂದೆ ತೋರಿಸುವುದೇ? ಶೆಡ್ಡಿನ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಅವತ್ತೂ ಡಬ್ಬಿ ಮರೆತಿದ್ದರಿಂದ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಅಡುಗೆಮನೆಯ ಕಿಟಕಿಯ ಮೇಲೆ ಒಂದು ಪುಟ್ಟ ಹಳದಿ ಸ್ಪಂಜು ಕಂಡಿತು. ಹೊಚ್ಚ ಹೊಸದು, ಒಣಗಿದ್ದು, ಮೆತ್ತಗೆ ಬೆಣ್ಣೆಯ ಹಾಗಿತ್ತು. ಮಾವ ಅಭ್ಯಾಸಬಲದಿಂದ ಮೂಸಿ ನೋಡಿದರು. ಯಾವ ವಾಸನೆಯೂ ಇಲ್ಲ. ಹೆಂಡತಿ ಬಟ್ಟೆ ಒಣಹಾಕಲು ಹೊರಗೆ ಹೋಗಿದ್ದಳು. ಸ್ಪಂಜು ಜೇಬು ಸೇರಿತು.

ಏಣಿ ಹತ್ತಿ, ಗೋಪುರದ ಕಿಂಡಿಯ ಬೋಲ್ಟು ಬಿಚ್ಚಿ, ಅರ್ಧ ಮೈ ಒಳಗೆ ತೂರಿಸಿ ಮಾವ ಗಾಜನ್ನು ಒಣ ಸ್ಪಂಜಿನಲ್ಲೇ ಉಜ್ಜಿದರು. ಕಲೆಯೆಲ್ಲ ಪುಡಿಪುಡಿಯಾಗಿ ಉದುರಿ ಗಾಜು ಫಳಫಳ ಅಂದಿತು. ಅಷ್ಟರಲ್ಲಿ ಕೆಳಗಿನಿಂದ ಸೊಸೆ, "ಮಾವಾ, ಬೇಗ ಬನ್ನಿ, ನಾಳೆ ಎಷ್ಟು ಹೊತ್ತಿಗೆ ಶುರು ಅಂತ ಧಣಿಗಳು ಕೇಳ್ತಿದ್ದಾರೆ" ಅಂದಳು. ಮಾವ ಸ್ಪಂಜನ್ನು ಕಿಂಡಿಯ ಒಳ ಅಂಚಿನ ಮೇಲಿಟ್ಟು ಇಳಿದು ಹೋದರು. ಮಾತು ಮುಗಿಸಿ ಬಂದು ಕಿಂಡಿ ಮುಚ್ಚಿ ಬೋಲ್ಟು ಬಿಗಿದು, ಕೈ ಕೊಡವಿ, ದೂರ ನಿಂತು ಗಾಜು ನೋಡಿ ತಮ್ಮ ಬೆನ್ನು ತಾವೇ ಚಪ್ಪರಿಸಿಕೊಂಡರು. ಸ್ಪಂಜಿನ ನೆನಪೇ ಬರಲಿಲ್ಲ.

ಮಾರನೆಯ ದಿನ ಗಿರಾಕಿ ಮೇಡಂ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಮಾತು ಕಮ್ಮಿ, ನೋಟ ಜಾಸ್ತಿ. ಬಾಗಿಲಲ್ಲಿ ಮಾವ "ಕೈ" ಅಂದಾಗ ಧಣಿಗಳ ಜೀವ ಬಾಯಿಗೆ ಬಂತು. ಮೇಡಂ ಮಾತ್ರ ಸುಮ್ಮನೆ ಎರಡೂ ಕೈ ಚಾಚಿದರು. ಮಾವ ಮೂಸಿ, "ಶುದ್ಧ" ಅಂದು ದಾರಿ ಬಿಟ್ಟರು. ಪಂಪು ನೋಡಿಕೊಳ್ಳುವವನು, ಅವನ ಬಾಯಿ ಒಂದು ಗಳಿಗೆ ಸುಮ್ಮನಿರದ ಕಾರಣ ಎಲ್ಲರೂ ಅವನನ್ನು ವಟವಟ ಅನ್ನುತ್ತಿದ್ದರು, "ಮೇಡಂ, ನೀವು ಪುಣ್ಯವಂತರು, ನನ್ನನ್ನು ಮೂರು ಸಲ ತೊಳೆಸ್ತಾರೆ" ಅಂದ. ಎಲ್ಲರೂ ನಕ್ಕರು. ಸೊಸೆಯ ಮುಖದಲ್ಲೂ ನಗು ಬಂತು, ಕೈಬೆರಳುಗಳು ಮಾತ್ರ ಸೆರಗಿನ ತುದಿ ಸುತ್ತುತ್ತಲೇ ಇದ್ದವು.

ನೀರು ಬಿಟ್ಟರು. ಫ್ಯಾನು ಗುಂಯ್ ಅಂತ ಎದ್ದಿತು. ತಟ್ಟೆಯ ಮೇಲೆ ನೊರೆ ಎದ್ದು ಅಂದವಾಗಿ ಮುಂದಕ್ಕೆ ನಡೆಯಿತು. "ನೋಡಿ ಮೇಡಂ, ಎಷ್ಟು ತಗ್ಗಿ ಹೋಗ್ತಿದೆ" ಅಂತ ಸೊಸೆ ವಿವರಿಸುತ್ತಿದ್ದ ಹಾಗೇ ನೊರೆಗೆ ಏನೋ ಆಯಿತು. ಗುಳ್ಳೆಗಳು ಸಣ್ಣಗಾದವು, ಬೆಳ್ಳಗಾದವು. ಒಡೆಯುವುದನ್ನು ಬಿಟ್ಟವು. ನೋಡನೋಡುತ್ತಾ ನೊರೆ ಗಾಜಿನ ಉದ್ದಕ್ಕೂ ಏರಿ ಮೇಲಿನ ತಟ್ಟೆಯ ತಳ ಮುಟ್ಟಿತು. ಜಾಡಿಯೊಳಗೆ ನೀರು ಕುಳುಕುಳು ಅಂತ ಏರಿ ಕೆಂಪು ಗೆರೆಯನ್ನು ಸಲೀಸಾಗಿ ದಾಟಿಕೊಂಡು ಹೋಯಿತು.

ಸೊಸೆಯ ಮಾತು ಅರ್ಧಕ್ಕೇ ನಿಂತಿತು. ಮುಖ ಸುಣ್ಣದ ಹಾಗಾಯಿತು.

"ಸೋಪು!" ಅಂತ ಮಾವ ಗುಡುಗಿದರು. "ಇದು ನೀರಿನ ನೊರೆಯೇ ಅಲ್ಲ. ಯಾರೋ ಸೋಪು ತಂದಿದ್ದೀರಿ! ಕೈ ತೋರಿಸಿ, ಎಲ್ಲರೂ ಕೈ ತೋರಿಸಿ!" ವಟವಟನ ಕೈ ಮೂಸಿದರು, ತಲೆ ಮೂಸಿದರು, ಅಂಗಿಯ ಕಾಲರು ಮೂಸಿದರು. ಧಣಿಗಳ ಗಲ್ಲದ ಹತ್ತಿರ ಮೂಗು ತಂದರು. ಮತ್ತೊಮ್ಮೆ ಮೇಡಂ ಎದುರು ಹೋಗಿ ನಿಂತಾಗ ಧಣಿಗಳು, "ಸಾಕು ಮಾರಾಯರೇ!" ಅಂತ ಹಲ್ಲು ಕಚ್ಚಿದರು. "ನಿನ್ನೆಯೇ ನೋಡ್ದೆ, ನಿನ್ನ ಅಂಗಿಗೆ ಹೊಸ ಸೋಪಿನ ಪುಡಿ ಹಾಕಿದ್ದಾರೆ" ಅಂತ ಮಾವ ವಟವಟನನ್ನು ಗದರಿದರು. ಪಾಪ ಅವನು, ಹುಟ್ಟಿದಾಗಿನಿಂದ ಮೊದಲ ಸಲ ಬಾಯಿಗೆ ಬೀಗ ಹಾಕಿಕೊಂಡು ನಿಂತ.

ಅಷ್ಟರಲ್ಲಿ ಮಾವನ ಜೇಬಿನಲ್ಲಿ ಫೋನು ರಿಂಗಾಯಿತು. ಹೆಂಡತಿ.

"ಏನೇ, ಕೆಲಸದ ಹೊತ್ತಲ್ಲಿ?"

"ನಿನ್ನೆಯಿಂದ ನನ್ನ ಹಳದಿ ಸ್ಪಂಜು ಕಾಣ್ತಿಲ್ಲ. ಕಿಟಕಿ ಮೇಲಿತ್ತು. ನೀವೇನಾದ್ರೂ ತಗೊಂಡ್ರಾ?"

"ತಗೊಂಡೆ. ಒಂದು ಸ್ಪಂಜಿಗೆ ಇಷ್ಟು ರಂಪ ಯಾಕೆ?"

"ಅಯ್ಯೋ, ಅದು ಹೊಸ ತರದ್ದು ರೀ. ಒಳಗೇ ಸೋಪು ತುಂಬಿರುತ್ತೆ. ನೀರು ತಾಗಿದ ಕೂಡಲೇ ನೊರೆನೊರೆ ಬರುತ್ತೆ. ಏನಕ್ಕೆ ಬೇಕಿತ್ತು ನಿಮಗೆ?"

ಕಿಂಡಿಯ ಅಂಚು, ಅದರ ಮೇಲಿನ ಹಳದಿ ಸ್ಪಂಜು, ಎಲ್ಲ ಮಾವನ ಕಣ್ಣಿಗೆ ಕಟ್ಟಿತು. ಫೋನು ಕಿವಿಯಲ್ಲಿಟ್ಟುಕೊಂಡೇ ತಲೆಯೆತ್ತಿ ಗೋಪುರದ ಕಿಂಡಿ ನೋಡಿದರು.

ಅತ್ತ ಧಣಿಗಳು, "ಆಯ್ತು ಬಿಡಿ, ಕಣ್ಣಾರೆ ನೋಡಿದ್ವಲ್ಲ" ಅಂತ ನಿಟ್ಟುಸಿರುಬಿಟ್ಟರು. ಮೇಡಂ ಗಡಿಯಾರ ನೋಡಿ, ಮಧ್ಯಾಹ್ನದ ರೈಲಿಗೆ ಹೊರಡಬೇಕು ಅಂದರು. ಸೊಸೆ ಜಾಡಿಯ ಎದುರು ತಲೆ ತಗ್ಗಿಸಿ ನಿಂತಿದ್ದಳು. ಬಸ್ಸಿನ ಕಿಟಕಿಯ ಕಡೆ ತಿರುಗಿದ್ದ ಆ ಮುಖ ಮಾವನಿಗೆ ನೆನಪಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಮಾವನ ಮರ್ಯಾದೆಗೇನೂ ಕುಂದಿರಲಿಲ್ಲ. ಅವಳ ತಟ್ಟೆಗೆ ಮಾತ್ರ ಇಲ್ಲಿಗೇ ಮಂಗಳ.

"ಸೋಪು ತಂದವನು ನಾನೇ" ಅಂದರು ಮಾವ.

ಶೆಡ್ಡಿಗೆ ಶೆಡ್ಡೇ ಅವರತ್ತ ತಿರುಗಿತು. ಮಾವ ಒಂದೇ ಉಸಿರಿಗೆ ಸ್ಪಂಜು, ಕಿಟಕಿ, ಜೇಬು, ಕಿಂಡಿ ಎಲ್ಲ ಒದರಿದರು. ಕೇಳಿದವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾವ ಸೋಪು ತರುವುದೇ? ಈ ಶೆಡ್ಡಿಗೇ? ಒಬ್ಬರೂ ನಂಬಲಿಲ್ಲ ನೋಡಿ. ಇಷ್ಟು ವರ್ಷ ಕಟ್ಟಿಕೊಂಡ ಒಳ್ಳೆಯ ಹೆಸರೇ ಅವರಿಗೆ ಅಡ್ಡ ಬಂದು ನಿಂತಿತು. ಮೇಡಂ ಕನ್ನಡಕ ಸರಿಮಾಡಿಕೊಂಡು ಸೊಸೆಯತ್ತ ಬೆರಳು ತೋರಿಸಿ, "ನೀವು ಇವರಿಗೆ ಏನಾಗಬೇಕು?" ಅಂದರು.

"ನನ್ನ ಸೊಸೆ."

"ಹೂಂ" ಅಂದರು ಮೇಡಂ. ಆ ಒಂದು ಹೂಂ ಸಾಕಾಗಿತ್ತು.

ಮಾವ ದಡದಡ ಏಣಿ ಹತ್ತಿ ಕಿಂಡಿ ಬಿಚ್ಚಿದರು. ಅಂಚು ಬರಿದಾಗಿತ್ತು. ನೀರಿನ ರಭಸಕ್ಕೆ ಸ್ಪಂಜು ಎಲ್ಲೋ ಕೊಚ್ಚಿಹೋಗಿತ್ತು. "ಇಲ್ಲೇ ಇಟ್ಟಿದ್ದೆ, ದೇವರಾಣೆ ಇಲ್ಲೇ ಇತ್ತು" ಅಂತ ಅವರು ಕಿಂಡಿಯೊಳಗೆ ಕೈಯಾಡಿಸುತ್ತಿದ್ದರೆ ಧಣಿಗಳು ಮುಖ ಆಚೆ ತಿರುಗಿಸಿಕೊಂಡರು. ಕೆಳಗಿಳಿದು ಬಂದಾಗ ಸೊಸೆ ಹತ್ತಿರ ಬಂದು ಮೆಲ್ಲಗೆ, "ಮಾವಾ, ನನಗೋಸ್ಕರ ಸುಳ್ಳು ಹೇಳ್ಬೇಡಿ. ತಟ್ಟೆ ಸರಿಯಿಲ್ಲ ಅಂದ್ರೆ ಸರಿಯಿಲ್ಲ" ಅಂದಳು. ಅವಳ ಕಣ್ಣು ತುಂಬಿತ್ತು.

ಮಾವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನಗೋಸ್ಕರ ನಾನು ಸುಳ್ಳು ಹೇಳ್ತೀನಾ? ಕೂದಲೆಳೆಯಷ್ಟು ದಾಟಿದಾಗ ದಾಟಿದೆ ಅಂದೋನು ಯಾರು? ಎರಡು ಸಲ ನಿನ್ನ ಅಳಿಸಿ ಮನೆಗೆ ಕರ್ಕೊಂಡು ಹೋದೋನು ಯಾರು? ನಿನ್ನ ತಟ್ಟೆ ಕೆಟ್ಟದಾಗಿದ್ರೆ ಮೊದಲು ಬಾಯಿ ಬಿಡೋನು ನಾನೇ ಕಣಮ್ಮಾ!"

ಸೊಸೆ ಅವರ ಮುಖವನ್ನೇ ನೋಡಿದಳು. ಹೌದಲ್ಲ. ಈ ಮನುಷ್ಯ ಮನೆಯವರಿಗಾಗಿ ಗೆರೆಯನ್ನು ಕೂದಲೆಳೆಯಷ್ಟೂ ಜರುಗಿಸುವವರಲ್ಲ. ಅವಳು ಕಣ್ಣೊರೆಸಿಕೊಂಡು ಮೇಡಂ ಕಡೆ ತಿರುಗಿದಳು. "ಮೇಡಂ, ಪಕ್ಕದ ಗೋಪುರದಲ್ಲಿರೋದು ಹಳೇ ತಟ್ಟೆ. ನಿಮ್ಮ ಕಾರ್ಖಾನೆಯಲ್ಲಿ ಈಗ ಇರೋದೂ ಅದೇ. ಅದು ಒಳ್ಳೆ ನೀರಲ್ಲಿ ಹೇಗೆ ನಡೆಯುತ್ತೆ ಅಂತ ನಿಮಗೂ ಗೊತ್ತು. ಇದೇ ತೊಟ್ಟಿ ನೀರನ್ನು, ಇದಕ್ಕಿಂತ ಕಮ್ಮಿ ಗಾಳಿಯಲ್ಲಿ ಅದಕ್ಕೆ ಬಿಡ್ತೀವಿ. ನೀರು ಶುದ್ಧವಾಗಿದ್ರೆ ಅದು ಸುಮ್ಮನಿರಬೇಕು. ಅದೂ ಉಕ್ಕಿದ್ರೆ ತಪ್ಪು ತಟ್ಟೇದಲ್ಲ, ನೀರಿನದು."

ಮೇಡಂ ಮತ್ತೆ ಗಡಿಯಾರ ನೋಡಿದರು. "ಬಿಡಿ ನೋಡೋಣ" ಅಂದರು.

ಮಾವನ ತಟ್ಟೆಯ ಕೊಳಾಯಿ ತಿರುಗಿಸುವ ಕೆಲಸ ಮಾವನದೇ. ಚಕ್ರದ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು. ಹೆಮ್ಮೆಯಿಂದ ಮೀಸೆ ತಿರುವುತ್ತಿದ್ದದ್ದು ಇದೇ ತಟ್ಟೆಯನ್ನು ನೆನೆದು. ಈಗ ಅದು ನಾಲ್ಕು ಜನರ ಎದುರು ಮಾನ ಕಳೆದುಕೊಳ್ಳಲಿ ಅಂತ ಅವರೇ ಬೇಡಿಕೊಳ್ಳಬೇಕಾಗಿತ್ತು. "ಉಕ್ಕು ಮಾರಾಯ, ಚೆನ್ನಾಗಿ ಉಕ್ಕು" ಅಂತ ಗೊಣಗಿ ಚಕ್ರ ತಿರುಗಿಸಿದರು.

ಉಕ್ಕಿತು ನೋಡಿ! ಜಾಡಿ ತುಂಬಿ ತುಳುಕಿತು. ನೊರೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹತ್ತಿ, ಗೋಪುರದ ನೆತ್ತಿಯ ಕೊಳವೆಯಲ್ಲಿ ಬುಸ್ಸಂತ ಹೊರಗೆ ಬಂದು ಶೆಡ್ಡಿನ ತುಂಬ ಬೆಳ್ಳಗೆ ಉದುರಿತು. ಧಣಿಗಳ ಬೋಳುತಲೆಯ ಮೇಲೊಂದು ಗುಪ್ಪೆ, ವಟವಟನ ಹೆಗಲ ಮೇಲೊಂದು, ಮೇಡಂ ಕನ್ನಡಕದ ಮೇಲೊಂದು. ವಟವಟನ ಬೀಗ ಕಳಚಿ ಬಿತ್ತು. "ಮಾವಾ, ಈಗ ಕೈ ತೋರಿಸಿ! ನಿಮ್ಮ ಕೈ ತೋರಿಸಿ ಮಾವಾ!" ಅಂತ ಕುಣಿದ. ಮಾವ ನೊರೆ ಮೆತ್ತಿದ ಮೀಸೆಯಲ್ಲಿ ನಿಂತು ಹಲ್ಲು ಕಿರಿದರು. ತಮ್ಮ ತಟ್ಟೆ ಇಷ್ಟು ಹೀನಾಯವಾಗಿ ಸೋತದ್ದಕ್ಕೆ ಅವರಿಗೆ ಆದಷ್ಟು ಸಂತೋಷ ಅದು ಗೆದ್ದ ದಿನಗಳಲ್ಲೂ ಆಗಿರಲಿಲ್ಲ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನೊರೆ ವಿಷಯ ಇಷ್ಟು ತಿಳಿದವರಿಗೆ ಆ ಸ್ಪಂಜಿನಲ್ಲಿ ಸೋಪಿರೋದು ಗೊತ್ತಾಗಲಿಲ್ವೇ? ನಮ್ಮನೇಲೂ ಅದೇ ಇರೋದು."

ಮಾವ ತಲೆ ಕೆರೆದುಕೊಂಡರು. "ನಾನು... ಮನೇಲಿ ಯಾವತ್ತೂ ಪಾತ್ರೆ ತೊಳೆದಿಲ್ಲ ಮೇಡಂ. ಕೈಗೆ ಸೋಪು ತಾಗಿದ್ರೆ ಇಲ್ಲಿ ನೊರೆ ಕೆಡುತ್ತಲ್ಲ, ಅದಕ್ಕೆ."

"ನೀವು ತೊಳೀತೀರಾ?" ಅಂತ ಮೇಡಂ ಸೊಸೆಯನ್ನು ಕೇಳಿದರು.

"ದಿನಾ ಸಂಜೆ" ಅಂದಳು ಸೊಸೆ. "ಆಮೇಲೆ ಒಳ್ಳೆ ನೀರಲ್ಲಿ ಕೈ ತೊಳ್ಕೊಂಡ್ರೆ ಆಯ್ತು. ಮಾರನೇ ದಿನ ಬೆಳಿಗ್ಗೆ ಮಾವನೇ ಮೂಸಿ ಶುದ್ಧ ಅಂತಾರೆ."

ಮೊದಲು ನಕ್ಕಿದ್ದು ಮೇಡಂ. ಅಷ್ಟು ಗಂಭೀರ ಹೆಂಗಸು ಹೊಟ್ಟೆ ಹಿಡಿದುಕೊಂಡು ನಕ್ಕರು. ಧಣಿಗಳು ನಕ್ಕರು, ವಟವಟ ಪಂಪಿಗೆ ಒರಗಿಕೊಂಡು ನಕ್ಕ. ಮಾವನ ಕಿವಿ ಕೆಂಪಗಾಯಿತು. ಇಷ್ಟು ವರ್ಷ ಯಾರ ಕೈಗೂ ಸಿಗದ ಅವರ ನೆಪ ಸಿಕ್ಕಿಬಿದ್ದದ್ದು ಹೀಗೆ. "ಇಂಥಾ ಮಾತನ್ನು ಯಾರೂ ಸುಳ್ಳು ಸುಳ್ಳೇ ಹೇಳಲ್ಲ" ಅಂದರು ಮೇಡಂ. "ನಮ್ಮ ಗೋಪುರದಲ್ಲಿ ಬರೋದೂ ಇಂಥ ಹಟಮಾರಿ ನೊರೆಯೇ. ನಿಮ್ಮ ಹೊಸ ತಟ್ಟೆ ಗೆರೆ ದಾಟಿದ್ರೂ ಶೆಡ್ಡಿಗೆ ಸ್ನಾನ ಮಾಡಿಸಲಿಲ್ಲ, ಅದನ್ನೂ ಗಮನಿಸಿದ್ದೀನಿ. ತೊಳೆದು ಹೊಸ ನೀರು ತುಂಬಿ. ನಾನು ಸಂಜೆ ರೈಲಿಗೆ ಹೋಗ್ತೀನಿ."

ಎಲ್ಲರೂ ಟೊಂಕ ಕಟ್ಟಿ ನಿಂತರು. ತೊಟ್ಟಿ ಖಾಲಿಯಾಯಿತು, ಗೋಪುರಗಳನ್ನು ಮತ್ತೆ ಮತ್ತೆ ತೊಳೆದದ್ದಾಯಿತು. ತಟ್ಟೆಯಿಂದ ತಟ್ಟೆಗೆ ನೀರು ಇಳಿಯುವ ಸಂದಿಯೊಳಗೆ ಕೈ ತೂರಿಸಿದ ವಟವಟ, "ಸಿಕ್ಕಿದಾ ಕಳ್ಳ!" ಅಂತ ಹಳದಿ ಸ್ಪಂಜನ್ನು ಎತ್ತಿ ಹಿಡಿದ. ಬಿಸಿಲು ಇಳಿಯುವ ಹೊತ್ತಿಗೆ ಮತ್ತೆ ಫ್ಯಾನು ಎದ್ದಿತು. ನೊರೆ ಎದ್ದಿತು, ಒಡೆಯಿತು, ಎದ್ದಿತು, ಒಡೆಯಿತು, ರೆಪ್ಪೆಗಳಡಿಯ ಗಾಳಿಗೆ ತಗ್ಗಿ ತಗ್ಗಿ ಮುಂದೆ ನಡೆಯಿತು. ಜಾಡಿಯ ನೀರು ಗೆರೆಗಿಂತ ಬಹಳ ಕೆಳಗೇ ನಿಂತಿತು. ಮಾವ ಮಂಡಿಯೂರಿ, ಕಣ್ಣನ್ನು ಗೆರೆ ಮಟ್ಟಕ್ಕೆ ತಂದು, ಎಂದಿನ ಹಾಗೆ ಹೊತ್ತು ತೆಗೆದುಕೊಂಡು ನೋಡಿದರು. "ಪಾಸು" ಅಂದರು. ಮೇಡಂ ತಮ್ಮ ಗೋಪುರಕ್ಕೆಲ್ಲ ಅದೇ ತಟ್ಟೆ ಬೇಕು ಅಂದರು, ಹೊರಡುವಾಗ ಬಾಗಿಲಲ್ಲಿ ನಿಂತು, "ಇದು ಯಾರ ತಟ್ಟೆ ಅಂತ ಹೇಳ್ಲಿ ನಮ್ಮವರಿಗೆ?" ಅಂತ ಕೇಳಿದರು. "ನನ್ನ ಸೊಸೇದು" ಅಂತ ಮಾವನೇ ಮುಂದೆ ಬಂದು ಹೇಳಿದರು. "ಆ ಉಕ್ಕಿದ್ದು ಮಾತ್ರ ನಂದು."

ಮನೆಗೆ ಬಂದಾಗ ಸುದ್ದಿ ಆಗಲೇ ಬಂದು ಕೂತಿತ್ತು. ಸೊಸೆ ಫೋನಿನಲ್ಲೇ ಅತ್ತೆಗೆ ಉಪ್ಪು ಖಾರ ಹಚ್ಚಿ ಎಲ್ಲ ಹೇಳಿದ್ದಳು. ಹೆಂಡತಿ ಊಟ ಬಡಿಸಿದಳು. ಉಂಡಾದ ಮೇಲೆ ಮಾವ ಎಂದಿನಂತೆ ಎದ್ದರು, ಕುರ್ಚಿಯ ಕಡೆ ನೋಡಿದರು, ಆಮೇಲೆ ಅಂಗಿಯ ತೋಳು ಮಡಚಿ ಜೇಬಿನಿಂದ ಹಳದಿ ಸ್ಪಂಜು ತೆಗೆದು ಸಿಂಕಿನ ಎದುರು ಹೋಗಿ ನಿಂತರು. ಮಗ ಬಾಯಿ ತೆರೆದುಕೊಂಡು ನೋಡಿದ. ಸೊಸೆ ಅವನ ಮೊಣಕೈ ಹಿಡಿದು ಹಿಂದಕ್ಕೆ ಎಳೆದಳು.

"ಏನ್ರೀ ಇದು? ನಾಳೆ ನೊರೆ ಕೆಡುತ್ತೆ" ಅಂದಳು ಹೆಂಡತಿ.

"ಕೆಡಲ್ಲ ಅಂತ ಗೊತ್ತಾಯ್ತಲ್ಲ. ನೀನು ಕೂತ್ಕೋ."

ಅವಳು ಸ್ಟೂಲಿನ ಮೇಲೆ ಕೂತಳು. ಆ ಹೊತ್ತಿನಲ್ಲಿ ಕೂತು ಅಭ್ಯಾಸವೇ ಇಲ್ಲದವಳಿಗೆ ಕೈಗಳನ್ನು ಏನು ಮಾಡಬೇಕೋ ತಿಳಿಯದೆ ಮಡಿಲಲ್ಲಿ ಅಂಗೈ ಮೇಲೆ ಮಾಡಿ ಇಟ್ಟುಕೊಂಡಳು. ಒಂದು ಲೋಟ ತೊಳೆದು ತಿರುಗಿದ ಮಾವನ ಕಣ್ಣಿಗೆ ಆ ಕೈಗಳು ಬಿದ್ದವು. ಬೆರಳ ತುದಿಗಳೆಲ್ಲ ಸೋಪಿಗೆ ಬಿರಿದು ಒರಟಾಗಿದ್ದವು, ಉಗುರಿನ ಬುಡ ಬೆಳ್ಳಗೆ ಸವೆದಿತ್ತು. ಶೆಡ್ಡಿಗೆ ಕಾಲಿಟ್ಟ ಪ್ರತಿಯೊಬ್ಬರ ಕೈಯನ್ನೂ ಹಿಡಿದು ನೋಡಿದವರು ಅವರು. ಈ ಎರಡು ಕೈಗಳನ್ನು ಮಾತ್ರ ಒಂದು ದಿನವೂ ನೋಡಿರಲಿಲ್ಲ. ಮಾವನಿಗೆ ನಾಚಿಕೆಯಾಯಿತು.

"ಇನ್ಮೇಲೆ ಸಂಜೆ ಪಾತ್ರೆ ನಂದೇ ಕಣೇ" ಅಂದರು.

ಮತ್ತೆ ಸಿಂಕಿನ ಕಡೆ ತಿರುಗಿ ಬಾಣಲೆ ಉಜ್ಜಿಟ್ಟರು. ಹೆಂಡತಿ ಸೆರಗಿನಿಂದ ಕಣ್ಣಿನ ಅಂಚು ಒತ್ತಿಕೊಂಡಳು. ಆಮೇಲೆ ಎದ್ದು ಬಂದು, ಅವರು ತೊಳೆದಿಟ್ಟ ಎರಡು ಕಿವಿಯ ಬಾಣಲೆಯನ್ನು ಎತ್ತಿ ಬೆಳಕಿಗೆ ಹಿಡಿದು, ಮೂಗು ಹತ್ತಿರ ತಂದು ಮೂಸಿ ವಾಪಸ್ಸು ಅವರ ಕೈಗೇ ಕೊಟ್ಟಳು.

"ಕಿವಿಯ ಹಿಂದೆ ಕಪ್ಪು ಉಳಿದಿದೆ. ಇನ್ನೊಂದು ಸಲ ತೊಳೀರಿ."